ತೊಂಬತ್ತೊಂಬತ್ತನೇ ನಂಬರಿನ ಸಾವಧಾನ

ಭಗವಂತನ ಮೇಲೆ ಹೊಟ್ಟೆಕಿಚ್ಚು ಪಡುವ ಮನುಷ್ಯ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಗಾಬರಿಯಾಗಬೇಡಿ, ಮೇಲಿರುವ ಭಗವಂತನ ಜೊತೆ ನನ್ನದೇನೂ ತಕರಾರಿಲ್ಲ. ನಾನು ಹೇಳುತ್ತಿರುವುದು ಮಣ್ಣೂರಿನ ಭಗವಂತನ ವಿಷಯ. ನನ್ನ ಪಕ್ಕದಲ್ಲಿ ಕೂತು ತಾಳ ಕುಟ್ಟುತ್ತಿದ್ದ, ನಾನು ಕಣ್ಣು ಬಿಟ್ಟರೆ ತಾಳ ತಪ್ಪುತ್ತಿದ್ದ, ನನ್ನ ಹಾರ್ಮೋನಿಯಮ್ಮನ್ನು ಬಸ್ಸಿನ ಮೇಲೆ ಹತ್ತಿಸಿ ಇಳಿಸುತ್ತಿದ್ದ ಭಗವಂತ. ತೊಂಬತ್ನಾಲ್ಕರ ಬೇಸಿಗೆಯ ಹೊತ್ತಿಗೆ ಅಫಜಲಪುರದಿಂದ ಜೇವರ್ಗಿಯವರೆಗೆ ಯಾವ ಮದುವೆಯ ಹಂದರಕ್ಕೆ ಹೋದರೂ ಅವನದೇ ದನಿ. ನನ್ನನ್ನು ಕರೆಯುವುದು ಊಟಕ್ಕೆ ಮಾತ್ರ.

ನಾನು ಅಫಜಲಪುರದ ಪೇಟಿ ಮಾಸ್ತರ ಜಗದೇವಪ್ಪ. ಹುಡುಗರಿಗೆ ಹಾರ್ಮೋನಿಯಮ್ ಪೇಟಿ ಕಲಿಸುವುದು ನನ್ನ ಉದ್ಯೋಗ, ಮದುವೆಯಲ್ಲಿ ಮಂಗಳಾಷ್ಟಕ ಹಾಡುವುದು ನನ್ನ ಕೀರ್ತಿ. ನಮ್ಮ ಕಡೆಯ ಮದುವೆ ನೋಡದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಮಂಗಳಾಷ್ಟಕದ ಪ್ರತಿ ಪದ್ಯದ ಕೊನೆಗೆ ‘ಶುಭಮಂಗಲ ಸಾವಧಾನ’ ಎಂದು ಎಳೆದು ಹಾಡಬೇಕು. ಆಗ ಜನ ಮುಷ್ಟಿಯಲ್ಲಿದ್ದ ಅಕ್ಕಿಕಾಳಿನಲ್ಲಿ ಸ್ವಲ್ಪವನ್ನು ವಧೂವರರ ಮೇಲೆ ಎಸೆಯುತ್ತಾರೆ. (ಹೆಸರು ಅಕ್ಕಿಕಾಳು, ಮುಷ್ಟಿಯಲ್ಲಿರುವುದು ಅರಿಶಿನ ಬಳಿದ ಜೋಳ.) ಅಷ್ಟಕವೆಂದರೆ ಎಂಟು ಪದ್ಯ ಇರಬೇಕಾದದ್ದು ನ್ಯಾಯ. ಆದರೆ ನಮ್ಮ ಬಿಸಿಲನ್ನೂ ಬೀಗರ ಹಸಿವನ್ನೂ ನೋಡಿ ಐದಕ್ಕೇ ಮುಗಿಸುವ ರೂಢಿ. ಐದನೆಯ ಸಾವಧಾನ ಬಿತ್ತೆಂದರೆ ಹಂದರದ ಹೊರಗೆ ನಿಂತ ಬ್ಯಾಂಡಿನವರು ಢಂ ಎಂದು ಬಾರಿಸುತ್ತಾರೆ, ಉಳಿದ ಕಾಳೆಲ್ಲ ಒಮ್ಮೆಲೇ ಬೀಳುತ್ತದೆ, ಮದುವೆ ಆದಂತೆ. ಮುಂದಿನದು ಪಂಕ್ತಿಗೆ ಓಟ.

ಇಂಥ ಘನವಾದ ಪದವಿಯಿಂದ ನನ್ನನ್ನು ಉರುಳಿಸಿದ್ದು ಭಗವಂತನ ವಿದ್ಯೆಯಲ್ಲ, ಒಂದು ಡಬ್ಬಿ. ನಮ್ಮೂರ ಬಜಾರದಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಉಸ್ಮಾನಸಾಬ ಅದನ್ನು ಸೊಲ್ಲಾಪುರದಿಂದ ತಂದಿದ್ದ. ಚಪ್ಪಟೆಯಾದ ಕರಿ ಕಬ್ಬಿಣದ ಡಬ್ಬಿ. ಎರಡೂ ಬದಿಗೆ ಕಿವಿಯಂತೆ ಚಾಚಿದ ತಗಡು, ಆ ಕಿವಿಗಳಿಗೆ ಸ್ಕ್ರೂ ಹಾಕಿ ಕಟ್ಟಿಗೆಯ ಚೌಕಟ್ಟಿನಲ್ಲಿ ಆಂಪ್ಲಿಫೈಯರಿನ ತಲೆಯ ಮೇಲೆ ಕೂರಿಸಿದ್ದ. ಮುಖದ ಮೇಲೆ ಕೆಂಪಗೆ ಹೊಳೆಯುವ ಅಂಕಿ. ಜನ ಅದಕ್ಕೆ ಎಕೋ ಮಿಷನ್ ಎಂದು ಹೆಸರಿಟ್ಟರು. ಅದರೊಳಗೆ ಹೊಕ್ಕು ಬಂದ ದನಿ ವಿಜಾಪುರದ ಗೋಳಗುಮ್ಮಟದಲ್ಲಿ ನಿಂತು ಹಾಡಿದ ಹಾಗೆ ಕೇಳಿಸುತ್ತಿತ್ತು. ಅದರಲ್ಲಿ ಮೊದಲು ಹಾಡಿದವನು ನನ್ನ ತಾಳದ ಭಗವಂತ, ಆಮೇಲೆ ಉಸ್ಮಾನಸಾಬ ಹೋದಲ್ಲೆಲ್ಲ ಡಬ್ಬಿ, ಡಬ್ಬಿ ಹೋದಲ್ಲೆಲ್ಲ ಅವನೇ. ನನಗೆ ಹೊಟ್ಟೆ ಉರಿಯಿತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಉರಿಯುವ ಹೊಟ್ಟೆಗೆ ನಾಚಿಕೆ ಎಲ್ಲಿಂದ ಬರಬೇಕು?

ನನ್ನ ಹತ್ತಿರ ಡಬ್ಬಿ ಇರಲಿಲ್ಲ, ಬಚ್ಚಲಲ್ಲಿ ಅತ್ತೆ ಕೊಟ್ಟ ತಾಮ್ರದ ಹಂಡೆ ಇತ್ತು. ಅದನ್ನು ಬರಿದು ಮಾಡಿ, ಬಗ್ಗಿ, ತಲೆ ಒಳಗಿಟ್ಟು ಸಾಧನೆ ಶುರು ಮಾಡಿದೆ. ನನ್ನ ಹೆಂಡತಿ ಸುಮಿತ್ರಾಬಾಯಿ ಒಲೆ ಬಿಟ್ಟು ಓಡಿಬಂದಳು.

“ಏನ್ರಿ, ಹಂಡೇದಾಗ ಏನ್ ಬಿದ್ದದ?”

“ಏನೂ ಬಿದ್ದಿಲ್ಲ. ಆವಾಜ್ ತಿದ್ದಾಕತ್ತೇನಿ.”

“ನೀರ್ ತುಂಬೂ ಹಂಡೆ ಅದು, ಉಗುಳ್ ಬಿದ್ದೀತು. ಮದಲ ತಲಿ ಹೊರಗ ತಗೀರಿ. ಭಗವಂತ ಏನ್ ಹಂಡೇದಾಗ ತಲಿ ಇಟ್ಟು ಹಾಡ್ತಾನೇನ್ರಿ?”

“ಅವಂದೆಲ್ಲಾ ಡಬ್ಬಿ ಕರಾಮತ್ತು! ಡಬ್ಬಿ ತಗದ್ರ ಅವನ ದನಿ ಅಂದ್ರ ಎಣ್ಣಿ ಕಾಣದ ಬಂಡಿ ಗಾಲಿ.”

“ಇರವಲ್ದ್ಯಾಕ. ಆ ಗಾಲಿ ಹಾಡಿದ್ರ ನನ್ನ ಕಣ್ಣಾಗ ನೀರ್ ಬರ್ತಾವ. ನಿಮ್ಮದು ಕೇಳಿದ್ರ ಹಸಿವ್ ಆಗ್ತದ.”

ಕಟ್ಟಿಕೊಂಡ ಹೆಂಡತಿ ಆಡುವ ಮಾತೇ ಇದು? ಆ ದಿನ ನಾನು ಊಟ ಮಾಡಲಿಲ್ಲ. (ಸಂಜೆ ನಾಲ್ಕಕ್ಕೆ ಚುರುಮುರಿ ಸುಸಲಾ ತಿಂದೆ, ಅದು ಊಟದಲ್ಲಿ ಬರುವುದಿಲ್ಲ.)

ಅದೇ ವಾರ ಜೇವರ್ಗಿ ಕಡೆಯ ಕೊಳಕೂರಿನಿಂದ ನನ್ನ ಹೆಂಡತಿಯ ಅಣ್ಣ ದೇವೀಂದ್ರಪ್ಪ ಮಗಳ ಮದುವೆಗೆ ಕರೆಯಲು ಬಂದ. ಚಹಾ ಕುಡಿದು, ಮೀಸೆ ಒರೆಸಿಕೊಂಡು, ಗೋಡೆಯ ಕಡೆ ನೋಡುತ್ತ ಹೇಳಿದ.

“ಮಂಗಳಾಷ್ಟಕಕ್ಕ ಭಗವಂತಗ ಹೇಳೇನ್ರಿ, ಮಾಸ್ತರ್ರ. ಬೀಗರು ಆಳಂದದವರು. ಎಕೋ ಇರಬೇಕಂತ ಹಟ ಹಿಡದಾರ.”

ನಾನು ಚಹಾದ ಬಸಿಯನ್ನು ನೆಲಕ್ಕೆ ಕುಕ್ಕಿದೆ, ಚಹಾ ಧೋತರದ ಮೇಲೆ ಹಾರಿತು. ನಾನು ಬಾಯಿ ತೆರೆಯುವ ಮೊದಲೇ ಸುಮಿತ್ರಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು. ಮನೆಯೊಳಗೆ ನನ್ನನ್ನು ಅವಳು ಏನಾದರೂ ಅನ್ನಬಹುದು, ತವರಿನವರು ಅಂದರೆ ಮಾತ್ರ ಅವಳಿಗೆ ಸಹನೆಯಾಗುವುದಿಲ್ಲ.

“ಹಿಂಗಂದ್ರ ಹೆಂಗಣ್ಣಾ? ಮನಿ ಅಳಿಯ ಬಾಯಿ ಮುಚ್ಚಿಕೊಂಡು ಕುಂದರಬೇಕು, ಹೊರಗಿನವ ಹಾಡಬೇಕು! ನಾಳಿ ನಾಕ್ ಮಂದಿ ಹೆಣ್ಮಕ್ಕಳು ನನಗ ಏನಂತಾರ? ಒಂದ್ ಪದ್ಯಾರೆ ಇವರಿಗೆ ಕೊಡು. ಇಲ್ಲಂದ್ರ ನಾ ಮದಿವಿಗೇ ಬರಂಗಿಲ್ಲ.”

ಅಣ್ಣ ತಂಗಿಯರ ನಡುವೆ ಒಂದು ತಾಸು ಘನಘೋರ ಯುದ್ಧ ನಡೆದು ಒಪ್ಪಂದವಾಯಿತು. ಮೊದಲನೆಯ ಪದ್ಯ ನನ್ನದು, ಉಳಿದ ನಾಲ್ಕು ಭಗವಂತನದು. ಅಣ್ಣನನ್ನು ಬಸ್ಸಿಗೆ ಹತ್ತಿಸಿ ಬಂದವಳು ನನ್ನ ಎದುರು ನಿಂತಳು.

“ನೋಡ್ರಿ, ನಿಮ್ಮ ಸಲುವಾಗಿ ತವರುಮನಿ ಕೂಡ ಜಗಳಾಡೇನಿ. ಆ ಮಂದಿ ಮುಂದ ನನ್ನ ಮರ್ಯಾದಿ ಉಳಸ್ರಿ. ಅಷ್ಟೇ ಕೇಳ್ತೇನಿ.”

ಇದನ್ನು ಕೇಳಿ ನನ್ನ ಎದೆ ಉಬ್ಬಿತು. ಹೆಂಡತಿಯ ಕಣ್ಣಲ್ಲಿ ನೀರು ತರಿಸುವ ಅವಕಾಶ ನನಗೂ ಬಂದಿತ್ತು. ಒಂದೇ ಪದ್ಯದಲ್ಲಿ ಭಗವಂತನ ಹೆಸರು ಜೇವರ್ಗಿ ತಾಲೂಕಿನಿಂದ ಅಳಿಸಿ ಹೋಗುವಂತೆ ಹಾಡಬೇಕೆಂದು ನಿಶ್ಚಯಿಸಿ ಉಸ್ಮಾನಸಾಬನ ಅಂಗಡಿಗೆ ಹೋದೆ. ಕರೆಂಟ್ ಹೋಗಿತ್ತು. ಅವನು ಬಾಗಿಲಲ್ಲಿ ಕೂತು ಗಾಳಿ ಹಾಕಿಕೊಳ್ಳುತ್ತಿದ್ದ.

“ಉಸ್ಮಾನಸಾಬ, ಭಗವಂತ ಹಾಡೂಮುಂದ ಆ ಡಬ್ಬಿ ಎಷ್ಟಕ್ಕಿಡ್ತಿ?”

“ಹನ್ನೆರಡಕ್ಕ ಇಡ್ತೇನಿ, ಮಾಸ್ತರ್ರ. ಸೊಲ್ಲಾಪುರದಾಂವ ಇಟ್ಟು ಕೊಟ್ಟಾನ. ನಾ ಮುಟ್ಟೇ ಇಲ್ಲ.”

“ಎಲ್ಲೀತನ ಹೋಗ್ತದ?”

“ತೊಂಬತ್ತೊಂಬತ್ತರ ತನ ಅದಾವ.”

ನನ್ನ ರಕ್ತ ಕುದಿಯಿತು. ಒಳಗೆ ಇಷ್ಟೊಂದು ವೈಭವ ಇಟ್ಟುಕೊಂಡು ಬರೀ ಹನ್ನೆರಡಕ್ಕೆ ಆ ಭಗವಂತ ಇಷ್ಟು ಮೆರೆದಿದ್ದಾನೆ. ತೊಂಬತ್ತೊಂಬತ್ತು ಸಿಕ್ಕರೆ ನಾನು ಎಷ್ಟು ಮೆರೆಯಬಾರದು!

“ನನಗ ತೊಂಬತ್ತೊಂಬತ್ತಕ್ಕ ಇಡು.”

“ಅರೆ, ಮಾಸ್ತರ್ರ! ನಂಬರ್ ಅಂದ್ರ ಪರೀಕ್ಷಾದ ಮಾರ್ಕ್ಸ್ ಅಲ್ರಿ. ಒಂದೊಂದ್ ನಂಬರಿಗೆ ಒಂದೊಂದ್ ನಮೂನಿ ಆವಾಜ್, ತೊಂಬತ್ತೊಂಬತ್ತರಾಗ ಏನದನೋ ನನಗೂ ಗೊತ್ತಿಲ್ಲ. ಕರೆಂಟ್ ಬರ್ಲಿ, ಹಚ್ಚಿ ನೋಡೂಣು.”

ಹಚ್ಚಿ ನೋಡುವುದು! ಅಷ್ಟರಲ್ಲಿ ಈ ಗುಟ್ಟು ಮಣ್ಣೂರು ಮುಟ್ಟಿ ಭಗವಂತ ತನಗೂ ತೊಂಬತ್ತೊಂಬತ್ತು ಬೇಕೆಂದರೆ? ಇವನಿಗೆ ಅವನೇ ಏನೋ ಹೇಳಿಕೊಟ್ಟಿರಬೇಕು ಎಂದು ನನಗೆ ಸಂಶಯವೂ ಬಂತು. ಇದು ಬೀಗರ ಮನೆಯ ಮರ್ಯಾದೆಯ ಪ್ರಶ್ನೆ, ನಾನು ಮೈಕ್ ಹಿಡಿದಾಗಲೇ ಅಂಕಿ ಏರಬೇಕು, ಭಗವಂತನಿಗೆ ಗೊತ್ತಾಗಬಾರದು ಎಂದು ಆಣೆ ಹಾಕಿಸಿಕೊಂಡೆ. “ನಿಮ್ಮ ಖುಷಿ” ಎಂದು ಉಸ್ಮಾನಸಾಬ ಮತ್ತೆ ಗಾಳಿ ಹಾಕಿಕೊಳ್ಳತೊಡಗಿದ.

ಮದುವೆಯ ದಿನ ಕೊಳಕೂರಿನ ಬಿಸಿಲಿಗೆ ಹಂದರದ ಬಟ್ಟೆ ಕೂಡ ಬೆವರುತ್ತಿತ್ತು. ಕರೆಂಟಿನ ನಂಬಿಕೆ ಇಲ್ಲದೆ ಉಸ್ಮಾನಸಾಬ ಜನರೇಟರ್ ಹಚ್ಚಿದ್ದ. ನಾನು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಜರಿಯ ರುಮಾಲು ಸುತ್ತಿ ವೇದಿಕೆ ಏರಿದೆ. ಭಗವಂತ ಎದ್ದು ಕಾಲು ಮುಟ್ಟಿ ನಮಸ್ಕರಿಸಿದ. (ನೋಡಿದಿರಾ, ಎಂಥ ಕಪಟಿ!) ಹೆಂಗಸರ ನಡುವೆ ನನ್ನ ಹೆಂಡತಿ ಕುತ್ತಿಗೆ ಎತ್ತಿ ಕೂತಿದ್ದಳು. ಬ್ಯಾಂಡಿನ ಪೀರಸಾಬ ತನ್ನ ಮೇಳದ ಜೊತೆ ಹಂದರದ ಹಿಂದೆ ರಸ್ತೆಯಲ್ಲಿದ್ದ. ಅಲ್ಲಿಂದ ವೇದಿಕೆ ಕಾಣುವುದಿಲ್ಲ, ಸ್ಪೀಕರಿನಲ್ಲಿ ಕೇಳಿದ ಸಾವಧಾನವನ್ನು ಬೆರಳಿನಲ್ಲಿ ಎಣಿಸಿ ಐದಕ್ಕೆ ಕೋಲು ಎತ್ತುವುದು ಅವನ ಪದ್ಧತಿ.

ನಾನು ಮೈಕ್ ಹಿಡಿದೆ. ಉಸ್ಮಾನಸಾಬ ಬೆರಳಿಟ್ಟು ಒತ್ತಿದ. ಕೆಂಪು ಅಂಕಿ ಏರುತ್ತಾ ಏರುತ್ತಾ ತೊಂಬತ್ತೊಂಬತ್ತಕ್ಕೆ ನಿಂತಿತು. ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದೆ. ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದೇ ಸಾಲನ್ನು ಹಿಂದಿನಿಂದ ಇನ್ನೊಬ್ಬ ಹಾಡಿದ. ಭಗವಂತ ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡು ಕಣ್ಣು ಬಿಟ್ಟು ಗುರಾಯಿಸಿದೆ. ಅವನು ಎಲೆಯಡಿಕೆ ತುಂಬಿದ ಬಾಯಿ ಮುಚ್ಚಿಕೊಂಡು ನನಗಿಂತ ಹೆಚ್ಚು ಬೆಚ್ಚಿ ಕೂತಿದ್ದ. ಎರಡನೆಯ ಸಾಲು ಹಾಡುವಾಗ ಮೊದಲನೆಯದು ಮೂರನೆಯ ಸಲ ಬಂತು. ಹಿಂದೆ ಬೀಳುವವನನ್ನು ಬಿಟ್ಟು ಮುಂದೆ ಹೋಗಬೇಕೆಂದು ನಾನು ಓಡಿದೆ, ಅದೂ ಓಡಿಬಂತು. ನಾನು ಯಾವ ಸಾಲಿನಲ್ಲಿದ್ದೇನೆ, ನನ್ನ ದನಿ ಯಾವ ಸಾಲಿನಲ್ಲಿದೆ ಎನ್ನುವುದೇ ಅರ್ಥವಾಗದೆ, ಹೇಗಾದರೂ ಮುಗಿದರೆ ಸಾಕೆಂದು ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ.

“ಶುಭಮಂಗಲ ಸಾವಧಾನ!”

ಜನ ಕಾಳು ಎಸೆದರು. “ಸಾವಧಾನ” ಎಂದಿತು ಡಬ್ಬಿ. ಜನ ಮತ್ತೆ ಎಸೆದರು. “ಸಾವಧಾನ.” ಮತ್ತೆ ಎಸೆದರು. ಮದುಮಗ ತಲೆ ಬಗ್ಗಿಸಿದ. “ಸಾವಧಾನ.” ಮುಷ್ಟಿಗಳು ಬರಿದಾಗುತ್ತಾ ಬಂದವು. ನಾನು ಮೈಕನ್ನು ಎರಡೂ ಕೈಯಿಂದ ಅಮುಕಿ ಹಿಡಿದೆ, ಅದರ ಬಾಯಿ ಮುಚ್ಚಿದರೆ ಡಬ್ಬಿಯ ಬಾಯಿ ಮುಚ್ಚುತ್ತದೆಯೇ? “ಸಾವಧಾನ” ಎಂದು ಅದು ಮತ್ತೆ ಕೂಗಿತು, ನನ್ನದೂ ಸೇರಿ ಐದಾಯಿತು, ರಸ್ತೆಯಲ್ಲಿ ಪೀರಸಾಬ ಕೋಲು ಎತ್ತಿದ.

ಬ್ಯಾಂಡು ಬಾರಿಸಿತು. ಪಟಾಕಿ ಹಾರಿದವು. ಉಳಿದ ಕಾಳೆಲ್ಲ ಸುರಿಯಿತು. ಮದುಮಗಳು ಅವಸರದಲ್ಲಿ ಮಾಲೆ ಹಾಕಿಬಿಟ್ಟಳು. “ಇಷ್ಟ್ ಲಗೂ ಆತೇನು? ಭೇಷ್!” ಎನ್ನುತ್ತ ಗಂಡಿನ ಕಡೆಯವರು ಪಂಕ್ತಿಗೆ ಓಡಿದರು. ಲಗ್ನ ಮಾಡಿಸುವ ಸ್ವಾಮಿಗಳು ಮೈಕ್ ಕಸಿದುಕೊಂಡು “ಇನ್ನಾ ಮುಹೂರ್ತ ಬಂದಿಲ್ಲ, ನಿಲ್ರಿ!” ಎಂದರು. ಡಬ್ಬಿ “ನಿಲ್ರಿ, ನಿಲ್ರಿ, ನಿಲ್ರಿ” ಎಂದು ಅವರ ಬಾಯಿಗೂ ಹತ್ತಿಕೊಂಡಿತು. ಉಸ್ಮಾನಸಾಬ ಯಾವ ಗುಂಡಿ ಒತ್ತಬೇಕೋ ತಿಳಿಯದೆ ಓಡಿಹೋಗಿ ಜನರೇಟರನ್ನೇ ಬಂದ್ ಮಾಡಿದ. ಡಬ್ಬಿ ಬಾಯಿ ಮುಚ್ಚಿತು. ಇಡೀ ಕೊಳಕೂರು ನನ್ನನ್ನು ನೋಡಿತು. ನಾನು ನನ್ನ ಹೆಂಡತಿಯನ್ನು ನೋಡಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

ದೇವೀಂದ್ರಪ್ಪ ಕೈಮುಗಿದು ಜನರನ್ನು ಪಂಕ್ತಿಯಿಂದ ಎಬ್ಬಿಸಿ ತಂದ. ಹೆಂಗಸರು ಜಮಖಾನೆಯ ಮೇಲಿನ ಕಾಳನ್ನು, ಮದುಮಗಳ ಜಡೆಯಲ್ಲಿ ಸಿಕ್ಕ ಕಾಳನ್ನು ಆಯ್ದು ಮತ್ತೆ ಹಂಚಿದರು. ಇನ್ನು ಜನರೇಟರ್ ಹಚ್ಚಲು ಯಾರಿಗೂ ಧೈರ್ಯವಿರಲಿಲ್ಲ. ಭಗವಂತ ಬಾಯಿ ತೊಳೆದುಕೊಂಡು ಬಂದು ಮೈಕ್ ಇಲ್ಲದೆ, ಡಬ್ಬಿ ಇಲ್ಲದೆ ನಿಂತ. ಎಣ್ಣೆ ಕಾಣದ ಗಾಲಿ ಈಗ ಕಿರುಗುಡುತ್ತದೆ, ನನ್ನ ಮಾನ ಅರ್ಧವಾದರೂ ಉಳಿಯುತ್ತದೆ ಎಂದು ಕಾದೆ.

ಆಗ ಬ್ಯಾಂಡಿನ ಪೀರಸಾಬ ಒಳಗೆ ಬಂದು ತಕರಾರು ತೆಗೆದ.

“ಸ್ಪೀಕರ್ ಇಲ್ಲಂದ್ರ ರಸ್ತಾದಾಗ ನನಗ ಹೆಂಗ್ ಕೇಳ್ಬೇಕ್ರಿ? ಖರೇ ಸಾವಧಾನ ಯಾವ್ದು, ಸುಳ್ಳ ಯಾವ್ದು ಅಂತ ಯಾರರೆ ಹಂದರದ ಬಾಗಲಾಗ ನಿಂತು ಕೈ ಎತ್ತಬೇಕು. ಇಲ್ಲಂದ್ರ ನಾ ಬಾರಿಸಂಗಿಲ್ಲ.”

ದೇವೀಂದ್ರಪ್ಪ ಸುತ್ತ ನೋಡಿದ. ಎಲ್ಲರ ಕೈಯಲ್ಲೂ ಏನಾದರೊಂದು ಕೆಲಸವಿತ್ತು. ಖಾಲಿ ಕೈಯವನು ನಾನೊಬ್ಬನೇ.

“ನೀವೇ ನಿಂದರ್ರಿ, ಮಾಸ್ತರ್ರ” ಎಂದ.

ನಿಂತೆ. ಭಗವಂತ ಹಾಡಿದ. ಏನು ಹೇಳಲಿ? ಆ ಹಾಳಾದವನ ದನಿ ಡಬ್ಬಿಯಲ್ಲಿ ಹಾಳಾಗಿತ್ತು ಎನ್ನಬೇಕು, ಬರೀ ಗಂಟಲಲ್ಲಿ ಇನ್ನೂ ಚೆನ್ನಾಗಿತ್ತು. ಬೂಂದಿಯ ಎಲೆ ಬಿಟ್ಟು ಬಂದವರು ಕೂಡ ಅಲ್ಲಾಡದೆ ನಿಂತರು. ಸ್ವಾಮಿಗಳು ಕಣ್ಣು ಒರೆಸಿಕೊಂಡರು. ಸೆರಗಿನ ಹಿಂದೆ ನನ್ನ ಹೆಂಡತಿಯೂ ಒರೆಸಿಕೊಂಡಳು, ನನ್ನ ಸಲುವಾಗಿ ಅಲ್ಲ. ಇಷ್ಟು ದಿನ ಡಬ್ಬಿಯ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ದಂಡವಾಯಿತಲ್ಲ ಎಂದು ನನಗೆ ಅಳು ಬಂತು. ಮತ್ತೆ ಮೊದಲಿನಿಂದ ಮನುಷ್ಯನ ಮೇಲೆಯೇ ಪಡಬೇಕಾಯಿತು. ಕೊನೆಯ ಸಾವಧಾನಕ್ಕೆ ಕೈ ಎತ್ತಿದೆ, ಬ್ಯಾಂಡು ಸರಿಯಾದ ಹೊತ್ತಿಗೆ ಬಾರಿಸಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಸುಮಿತ್ರಾಬಾಯಿ ನನ್ನ ಪಕ್ಕ ಬಿಟ್ಟು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಆದರೆ ಕೊಳಕೂರಿನ ಸುದ್ದಿ ಊರೂರು ತಿರುಗಿ, ‘ಕೈ ಎತ್ತುವ ಮನುಷ್ಯ ಇಲ್ಲದೆ ಬಾರಿಸುವುದಿಲ್ಲ’ ಎಂದು ಬ್ಯಾಂಡಿನವರೆಲ್ಲ ಹಟ ಹಿಡಿದರು. ಭಗವಂತ ತನ್ನನ್ನು ಕರೆಯಲು ಬಂದವರಿಗೆಲ್ಲ “ಕೈ ಎತ್ತಲಿಕ್ಕ ನಮ್ಮ ಮಾಸ್ತರ್ರೇ ಬೇಕು. ಅವರಷ್ಟು ಲಕ್ಷ್ಯ ಕೊಟ್ಟು ನನ್ನ ಹಾಡು ಯಾರೂ ಕೇಳಂಗಿಲ್ಲ” ಎಂದು ಹೇಳಿದನಂತೆ. ಅದು ಸುಳ್ಳಲ್ಲ. ಹೀಗೆ ನಾನು ಮತ್ತೆ ಎಲ್ಲ ಮದುವೆಗೂ ಬೇಕಾದವನಾದೆ. ಅವನ ಐದೂ ಪದ್ಯಗಳನ್ನು ಕಿವಿಗೊಟ್ಟು ಕೇಳಿ, ಹೊಟ್ಟೆ ಉರಿಸಿಕೊಂಡು, ಕೈ ಎತ್ತಿ ಬರುತ್ತೇನೆ. ನನ್ನ ಹೆಂಡತಿ ನೀರಿಗೆ ಹೋದಲ್ಲಿ “ನಮ್ಮನಿಯವರು ಕೈ ಎತ್ತಲಾರದ ಈ ತಾಲೂಕಿನ್ಯಾಗ ಒಂದ್ ಲಗ್ನ ಆಗಂಗಿಲ್ಲ” ಎಂದು ಹೇಳಿಕೊಳ್ಳುತ್ತಾಳೆ. ನಾನೂ ಜುಬ್ಬಾದ ಬಲತೋಳಿಗೆ ಮಾತ್ರ ಎರಡು ಸಲ ಇಸ್ತ್ರಿ ಹಾಕಿಸುತ್ತೇನೆ.

ಎಲ್ಲ ಸುಖವಾಗಿಯೇ ಇತ್ತು. ನಿನ್ನೆ ಆಳಂದದ ಮದುವೆಯಿಂದ ಬಂದ ಸುಮಿತ್ರಾಬಾಯಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಏನ್ರಿ, ಅಲ್ಲಿ ಒಬ್ಬ ಆದ್ಮಿ ಇದ್ದಾನ. ನಿಮ್ಮಂಗ ಬರೀ ಕೈ ಎತ್ತಂಗಿಲ್ಲ, ರೇಲ್ವೆ ಗಾರ್ಡನಂಗ ಹಸರ್ ಝಂಡಾ ತೋರಸ್ತಾನ. ಆಹಾ, ಏನ್ ಚಂದ ಬೀಸ್ತಾನ್ರಿ! ನೋಡಿ ನನ್ನ ಕಣ್ಣಾಗ ನೀರೇ ಬಂತು.”

ನಾನು ಊಟ ಬಿಟ್ಟಿದ್ದೇನೆ. ಉಸ್ಮಾನಸಾಬನ ಹತ್ತಿರ ಒಂದು ಕೆಂಪು ಲೈಟು ಇದೆಯಂತೆ, ಗುಂಡಿ ಒತ್ತಿದರೆ ತಿರುಗುತ್ತದಂತೆ. ಅದರ ಮೇಲೆ ಎಷ್ಟು ನಂಬರುಗಳಿವೆ ಎಂದು ಕೇಳಿಕೊಂಡು ಬರಲು ಈಗ ಹೊರಟಿದ್ದೇನೆ.