ಶ್ರುತಿ ಒಂದು ಮನೆ ಮೇಲೆ

"ಹಾಡು ಅಂದ್ರೆ ಏನು ಗೊತ್ತಾ? ಕೊನೇ ಪಲ್ಲವಿ! ಮಿಕ್ಕಿದ್ದೆಲ್ಲ ಅದಕ್ಕೆ ಹತ್ತೋ ಮೆಟ್ಟಿಲು!"

ಡಾಕ್ಟರ್ ಲೆಲ್ಯಾಂಡ್ ಜುಬರ್ ಬೆಳಗಿನ ಪ್ಯಾನ್‌ಕೇಕಿನ ಮುಂದೆ ಹೀಗೆ ಘೋಷಿಸಿದಾಗ ಹೆಂಡತಿ ಕೋರಿನ್ ಸಿರಪ್ಪಿನ ಬಾಟಲಿಯನ್ನು ಅವನಿಂದ ದೂರ ಸರಿಸಿದಳು. ಘೋಷಣೆ ಮಾಡುವಾಗ ಗಂಡ ಕೈ ಬೀಸುತ್ತಾನೆ, ಮೇಜುಬಟ್ಟೆ ಒಗೆಯುವವಳು ತಾನು ಎಂಬುದು ಅವಳ ದೀರ್ಘಕಾಲದ ಸಂಸಾರದ ಸಾರ.

ವಿಸ್ಕಾನ್ಸಿನ್ನಿನ ಆ ಪುಟ್ಟ ಊರಿಗೆ ಲೆಲ್ಯಾಂಡ್ ಒಬ್ಬನೇ ಹಲ್ಲಿನ ಡಾಕ್ಟರು. ಅವನ ಸ್ವಂತ ಅಭಿಪ್ರಾಯದಲ್ಲಿ ಒಬ್ಬನೇ ಗಾಯಕ ಕೂಡ. ಊರಿನ ಹವ್ಯಾಸಿ ತಂಡ ಆ ವರ್ಷ 'ಹಾಲು ಒಡೆದ ಮೇಲೆ' ಎಂಬ ಸಂಗೀತ ನಾಟಕ ಆಡಲಿತ್ತು. ಅದನ್ನು ಬರೆದವರು, ಆಡಿಸುವವರು, ಪಿಯಾನೊ ನುಡಿಸುವವರು ಎಲ್ಲ ಒಬ್ಬರೇ: ನಿವೃತ್ತ ಸಂಗೀತ ಟೀಚರ್ ವೆರೀನಾ ಸ್ಟಕಿ. ಕಥೆ ಸರಳ. ಚೀಸ್ ಕಾರ್ಖಾನೆಯ ಬಡ ಹುಡುಗ, ಮಾಲೀಕನ ಮಗಳು; ಹಾಲು ಒಡೆಯುತ್ತದೆ, ಮನಸ್ಸು ಒಡೆಯುತ್ತದೆ, ಕೊನೆಗೆ ಎರಡೂ ಗಟ್ಟಿಯಾಗುತ್ತವೆ! ಹದಿಹರೆಯದ ಬಡ ಹುಡುಗನ ಪಾತ್ರಕ್ಕೆ ಐವತ್ತು ದಾಟಿದ, ಹೊಟ್ಟೆಯೂ ಬೆಲ್ಟು ದಾಟಿದ ಲೆಲ್ಯಾಂಡ್. ಮಾಲೀಕನ ಮಗಳು ಕೋರಿನ್. ಕೊನೆಯ ಹಾಡಿನಲ್ಲಿ ಅವಳಿಗೆಂದು ಟೀಚರ್ ಒಂದು ಚರಣ ಬರೆದಿದ್ದರು. ಅದನ್ನು ಲೆಲ್ಯಾಂಡ್ ನಾಟಕದ ಶ್ರೇಯಸ್ಸಿಗಾಗಿ ತಾನೇ ಹೊತ್ತುಕೊಂಡಿದ್ದ. ಅವಳ ಪಾಲಿಗೆ ಹಿಂದೆ ನಿಂತು ರಾಗವೆಳೆಯುವುದಷ್ಟೇ ಉಳಿದಿತ್ತು.

"ಕೊನೇ ಪಲ್ಲವಿ ಬರ್ತಿದ್ದ ಹಾಗೇ ಶ್ರುತಿ ಪಿಯಾನೊದಲ್ಲಿ ಒಂದು ಮನೆ ಮೇಲೆ ಹೋಗ್ಬೇಕು ಕಣೇ. ಜನ ಎದ್ದು ನಿಲ್ಲಲೇಬೇಕು! ರೇಡಿಯೋದಲ್ಲಿ ಕೇಳು, ನ್ಯೂಯಾರ್ಕಿನ ನಾಟಕಗಳಲ್ಲಿ ನೋಡು. ಹೇಳೋಕೆ ಹೊಸದೇನೂ ಇಲ್ಲ ಅಂದಾಗ ಹಳೇದನ್ನೇ ಒಂದು ಮನೆ ಮೇಲೆ ಹೇಳ್ತಾರೆ!"

"ಜಗಳ ಆಡುವಾಗ ನೀನೂ ಅದನ್ನೇ ಮಾಡ್ತೀಯಲ್ಲ," ಎಂದಳು ಕೋರಿನ್.

ಪ್ರತಿಭೆಗೆ ಮನೆಯಲ್ಲಿ ಬೆಲೆಯಿಲ್ಲವೆಂದು ಲೆಲ್ಯಾಂಡ್ ಟೀಚರ ಬಳಿ ಹೋದ.

"ನಿನ್ನ ಗಂಟಲನ್ನ ನಾನು ಆರನೇ ಕ್ಲಾಸಿಂದ ಬಲ್ಲೆ ಕಣಪ್ಪ," ಎಂದರು ಅವರು. "ಈಗಿರೋ ಶ್ರುತೀಲೇ ನಿನ್ನ ಮೇಲಿನ ಸ್ವರ ಏಣಿ ತುದೀಲಿ ಒಂಟಿಕಾಲಲ್ಲಿ ನಿಂತಿದೆ."

"ಅಭ್ಯಾಸ ಮಾಡ್ತೀನಿ ಟೀಚರ್!"

"ನನ್ನ ಭಯಾನೂ ಅದೇ."

ಆದರೆ ವಿಧಿ ಲೆಲ್ಯಾಂಡನ ಕಡೆಗಿತ್ತು. ಮರುವಾರ ಟೀಚರಿಗೆ ದವಡೆ ಹಲ್ಲು ನೋಯತೊಡಗಿತು. ಕುರ್ಚಿಯಲ್ಲಿ ಅವರನ್ನು ಮಲಗಿಸಿ, ಬಾಯಿತುಂಬ ಹತ್ತಿ ತುರುಕಿ, ಕೈಯಲ್ಲಿ ಡ್ರಿಲ್ ಹಿಡಿದು, ಆತ ಬಹಳ ವಿನಯದಿಂದ ಕೇಳಿದ: "ಶ್ರುತಿ ಒಂದು ಸಲ ಅಲ್ಲ, ಮೂರು ಸಲ ಏರಿಸೋಣ ಅಲ್ವಾ ಟೀಚರ್?"

"ಉಂ... ಉಹ್ಞೂಂ! ಉಂಹ್ಞೂಂ!"

"ಒಪ್ಪಿಬಿಟ್ಟಿರಿ! ದೊಡ್ಡ ಮನಸ್ಸು ನಿಮ್ದು!"

ಹತ್ತಿ ತೆಗೆದ ಮೇಲೆ ಟೀಚರ್ ಎದ್ದು ಕೋಟು ಹಾಕಿಕೊಂಡರು. ಬಾಗಿಲ ಬಳಿ ತಿರುಗಿ, ಮರಗಟ್ಟಿದ ತುಟಿಯಲ್ಲೇ, "ಏರ್ಸು. ಬಿದ್ದೋರಿಗೆ ಬುದ್ಧಿ ಹೇಳೋದು ಸುಲಭ," ಎಂದು ಹೋದರು.

ಶುರುವಾಯಿತು ಸಾಧನೆ! ಲೆಲ್ಯಾಂಡ್ ಸ್ನಾನದಲ್ಲಿ ಹಾಡಿದ, ಕಾರಿನಲ್ಲಿ ಹಾಡಿದ, ಹಿಮ ಗೋರುವಾಗಲೂ ಹಾಡಿದ. ಶ್ರುತಿ ಏರುವಾಗ ತಾನೂ ತುದಿಗಾಲಲ್ಲಿ ಏರುತ್ತಿದ್ದ. ಭಾನುವಾರ ಮಾವನ ಮನೆಯ ಊಟದಲ್ಲಿ ಒತ್ತಾಯವಿಲ್ಲದೆಯೇ ಹಾಡಿ, ಎರಡನೆಯ ಏರಿಕೆಗೆ ಕುರ್ಚಿಯಿಂದೆದ್ದು, ಮೂರನೆಯದಕ್ಕೆ ತೂಗುದೀಪಕ್ಕೆ ತಲೆ ಕುಟ್ಟಿ, ಅತ್ತೆಯ ಆಲೂಗಡ್ಡೆಯ ಭಕ್ಷ್ಯವನ್ನು ಮಾವನ ತೊಡೆಗೆ ಬಡಿಸಿದ. ಪಕ್ಕದ ಮನೆಯ ಒಡೋ ಬೇಲಿಯಾಚೆಯಿಂದಲೇ ಕೂಗಿದ: "ಡಾಕ್ಟ್ರೇ, ನೀವು ಒಂದು ಮನೆ ಏರಿಸಿದ್ರೆ ಈ ಬೀದಿಯ ನಾಲ್ಕು ಮನೆ ಖಾಲಿ ಆಗ್ತಿವೆ!"

ನಾಟಕದ ಹಿಂದಿನ ದಿನ ಗಂಟಲು ಮುಷ್ಕರ ಹೂಡಿತು. ಗಾಬರಿಯಾದ ಲೆಲ್ಯಾಂಡ್ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ತಲೆಯ ಮೇಲೆ ಟವೆಲು ಹೊದ್ದು ಹಬೆಗೆ ಮುಖವೊಡ್ಡಿದ. ಸುಮ್ಮನೆ ಹಬೆ ತೆಗೆದುಕೊಳ್ಳಬಹುದಿತ್ತು. ಮೂರನೆಯ ಏರಿಕೆಯನ್ನು ಪರೀಕ್ಷಿಸುವ ಆಸೆಯಾಯಿತು. ತುದಿಗಾಲಲ್ಲಿ ಏರಿದ, ಟವೆಲಿನ ಅಂಚು ಒಲೆಗೆ ಇಳಿದು ಹೊತ್ತಿಕೊಂಡಿತು. ಲೆಲ್ಯಾಂಡನ ಬಾಯಿಂದ ಅದುವರೆಗೆ ಯಾವ ಹಾಡಿನಲ್ಲೂ ಬಾರದ ಸ್ವರವೊಂದು ಹೊರಟಿತು! ಚಾವಣಿಯ ಹೊಗೆ ಅಲಾರಂ ಬಡಿದುಕೊಂಡಿತು. ಕೋರಿನ್ ಓಡಿಬಂದು ಟವೆಲನ್ನು ಸಿಂಕಿಗೆಸೆದು, ಚಾವಣಿಯತ್ತ ನೋಡಿ, "ಅದನ್ನ ಕೇಳಿ ಕಲಿ. ಪಾಪ, ಒಂದೇ ಶ್ರುತೀಲಿ ನಿಂತಿದೆ," ಎಂದಳು.

ಅಷ್ಟರಲ್ಲಿ ಒಡೋ ಫೋನು ಮಾಡಿ ಅಗ್ನಿಶಾಮಕ ದಳವನ್ನೇ ಕರೆಸಿದ್ದ. ಹೆಲ್ಮೆಟ್ ತೊಟ್ಟ ಹೆಂಗಸು ಒಳನುಗ್ಗಿ ಕೇಳಿದಳು: "ಯಾರಿಗೆ ಪೆಟ್ಟಾಯ್ತು? ಬೀದಿ ಕೊನೇವರೆಗೂ ಚೀರಾಟ ಕೇಳಿಸ್ತು!"

"ಅದು... ಪಲ್ಲವಿ," ಎಂದ ಲೆಲ್ಯಾಂಡ್. ಅವನ ಎಡ ಹುಬ್ಬು ಅರ್ಧ ಸುಟ್ಟಿತ್ತು.

"ಬೇಡ ಕಣೋ," ಎಂದಳು ಕೋರಿನ್, ಹುಬ್ಬಿಗೆ ಮುಲಾಮು ಹಚ್ಚುತ್ತ. ದನಿಯಲ್ಲಿ ಈ ಸಲ ಕುಟುಕಿರಲಿಲ್ಲ. "ಟೀಚರಿಗೆ ಹೇಳಿ ಶ್ರುತಿ ಇಳಿಸೋಣ. ಊರೆಲ್ಲ ಬರ್ತಾರೆ. ನಿನ್ನನ್ನ ನೋಡಿ ನಕ್ಕರೆ ನನಗೂ ಬೇಜಾರಾಗುತ್ತೆ."

"ಜುಬರ್ ವಂಶದಲ್ಲಿ ಇಳಿದೋರು ಯಾರೂ ಇಲ್ಲ!"

ಶುಕ್ರವಾರ ಜನ ಊರಿನ ವಾಡಿಕೆಯಂತೆ ವಾರದ ಮೀನೂಟ ಮುಗಿಸಿ, ಬಾಯಿ ಒರೆಸಿಕೊಂಡು ಬಂದು ಸಭಾಂಗಣ ತುಂಬಿದರು. ರಂಗದ ಮಧ್ಯೆ ಚೀಸ್ ಮಾಡುವ ದೊಡ್ಡ ಹಾಲಿನ ಕೊಪ್ಪರಿಗೆ. ಅದರ ಪಕ್ಕ, ಬಣ್ಣದ ಕಡ್ಡಿಯಲ್ಲಿ ಹುಬ್ಬು ಬರೆದುಕೊಂಡ ಲೆಲ್ಯಾಂಡ್. ಕೊನೆಯ ಹಾಡು ಬಂತು. ಮೊದಲ ಏರಿಕೆಯನ್ನು ಹೇಗೋ ಹತ್ತಿದ. ಎರಡನೆಯದರಲ್ಲಿ ದನಿ ಕುದಿಯುವ ಕೆಟಲಿನಂತೆ ಸಿಳ್ಳೆ ಹಾಕಿತು. ಮೂರನೆಯದಕ್ಕೆ ಟೀಚರ್ ಪಿಯಾನೊದ ಮೇಲೆ ಎರಡೂ ಕೈಯಿಂದ ಎರಗಿದರು. ಲೆಲ್ಯಾಂಡ್ ತುದಿಗಾಲಲ್ಲಿ ಎದ್ದ, ತೋಳು ಚಾಚಿದ, ಬಾಯಿ ತೆರೆದ...

ಗಾಳಿ! ಬರೀ ಗಾಳಿ!

ಊರಿನವರೆಲ್ಲ ಒಂದಲ್ಲ ಒಂದು ದಿನ ಇವನ ಎದುರು ಹಾಗೆಯೇ ಬಾಯಿ ಬಿಟ್ಟು ಮಲಗಿದ್ದವರು. ಈಗ ಅವನ ಬಾಯೊಳಗನ್ನು ಅವರೆಲ್ಲ ಕುತೂಹಲದಿಂದ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲೆಲ್ಯಾಂಡನ ಕಿವಿ ಬಿಸಿಯಾಯಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅವನಿಗೆ ಇಳಿದುಬಿಡಬೇಕೆನಿಸಿತು: ಶ್ರುತಿಯಿಂದಲ್ಲ, ರಂಗದಿಂದಲೇ.

ಆಗ ಹಿಂದಿನಿಂದ ಹಾಡು ಬಂತು. ಕೋರಿನ್! ತುದಿಗಾಲಿಲ್ಲ, ತೋಳು ಚಾಚುವುದಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ ಬಂದಷ್ಟು ಸಲೀಸಾಗಿ ಆ ಮೇಲಿನ ಮನೆಗೆ ಹೋಗಿ ಕುಳಿತಳು. ಇಷ್ಟು ವರ್ಷ ಎಲ್ಲಿತ್ತು ಈ ದನಿ? ಪಕ್ಕದ ದಿಂಬಿನಲ್ಲೇ ಇತ್ತು. ಲೆಲ್ಯಾಂಡ್ ಹಾಡುತ್ತಿದ್ದುದರಿಂದ ಕೇಳಿಸಿರಲಿಲ್ಲ, ಅಷ್ಟೆ. ಕೊನೆಯ ಸ್ವರ ನಿಂತಾಗ ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತಿತು!

ಲೆಲ್ಯಾಂಡ್ ಅಭ್ಯಾಸಬಲದಿಂದ ಮುಂದೆ ಬಂದು ಬಾಗಿ ನಮಿಸಿದ. ಇನ್ನೊಮ್ಮೆ ಬಾಗಿದ.

"ಡಾಕ್ಟ್ರೇ, ಸ್ವಲ್ಪ ಪಕ್ಕಕ್ಕೆ ಸರೀರಿ!" ಒಡೋನ ಕೂಗು. "ಅಮ್ಮಾವ್ರು ಕಾಣ್ತಿಲ್ಲ!"

ಪರದೆ ಬಿದ್ದ ಮೇಲೂ ಸೋಲೊಪ್ಪಲು ಅವನು ತಯಾರಿರಲಿಲ್ಲ. ಟೀಚರ ಹಿಂದೆ ಬಿದ್ದು ಪಿಸುದನಿಯಲ್ಲಿ ಕಿರುಚಿದ: "ನೋಡಿದ್ರಾ? ಶ್ರುತಿ ಏರಿಸಿದ್ರೆ ಜನ ಏಳ್ತಾರೆ ಅಂದೆನೋ ಇಲ್ವೋ?"

"ಅಂದೆ ಕಣಪ್ಪ, ನಿನ್ನ ಮಾತೇ ನಿಜ. ಅದಕ್ಕೇ ನಾಳೆ ಆಟಕ್ಕೆ ಇನ್ನೂ ಒಂದು ಮನೆ ಏರಿಸ್ತಿದ್ದೀನಿ. ಕಥೇನೂ ಚೂರು ಬದಲಾಯಿಸಿದ್ದೀನಿ."

"ನನ್ನ ಪಾತ್ರ ದೊಡ್ಡದಾಯ್ತಾ?"

"ಬಹಳ ದೊಡ್ಡ ಸನ್ನಿವೇಶ. ಕೊನೇ ಪಲ್ಲವಿ ಶುರುವಾಗೋ ಮುಂಚೆ ನೀನು ಸಾಯ್ತೀಯ."

ಲೆಲ್ಯಾಂಡನ ಕಣ್ಣು ಮಿನುಗಿತು. ಸಾಯುವ ನಾಯಕನಿಗೆ ಸಿಗುವಷ್ಟು ಚಪ್ಪಾಳೆ ಬದುಕಿದವನಿಗೆ ಎಲ್ಲಿ! "ಹೇಗೆ ಸಾಯ್ತೀನಿ ಟೀಚರ್?"

"ಹಾಲಿನ ಕೊಪ್ಪರಿಗೆಗೆ ಬಿದ್ದು."

"ಬೀಳೋ ಮುಂಚೆ ಒಂದು ಪುಟ್ಟ ಹಾಡು...?"

"ಜಾರಿ ಬೀಳ್ತೀಯ. ಟೈಮಿರಲ್ಲ."

"ಬಿದ್ದ ಮೇಲಾದ್ರೂ ಒಳಗಿಂದ ಒಂದೇ ಒಂದು ಸಾಲು?"

ಕನ್ನಡಿಯ ಮುಂದೆ ಬಣ್ಣ ಒರೆಸುತ್ತಿದ್ದ ಕೋರಿನ್ ತಿರುಗಿಯೂ ನೋಡದೆ ಹೇಳಿದಳು: "ಟೀಚರ್, ಕೊಪ್ಪರಿಗೆಗೆ ಒಂದು ಮುಚ್ಚಳ ಮಾಡಿಸಿ."