ಬೀಗದ ತೂತಿನ ಆಚೆಯ ಇಲಿಗಳು

ಇಲಿಮನೆಯಲ್ಲಿ ಹನ್ನೊಂದು ವರ್ಷ ಕಸ ಹೊಡೆದವಳು ನಾನು. ಅಲ್ಲಿ ದಿನಾ ಏನಾದರೊಂದು ನಡೀತಾನೇ ಇತ್ತು. ಓದಿದವರು ಬರೆದಿಟ್ಟಿದ್ದು ಇಲಿಗಳ ವಿಷಯ ಮಾತ್ರ. ಉಳಿದದ್ದು ನಾನು ಹೇಳಬೇಕು.

೧. ಸಾಕಿದ ಇಲಿ

ತೊಂಬತ್ತೈದರ ಸುಮಾರಿಗೆ ದೊಮ್ಮಲೂರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬಿಳಿ ಇಲಿ, ಕರಿ ಇಲಿ, ಸಾಲು ಸಾಲು ಪಂಜರ. ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತುಂಬಬೇಕು. ಹಲಸೂರಿನ ನಮ್ಮ ವಠಾರದ ಓನರಮ್ಮ ಅದೇ ವಾರ ಬೋನಿಗೆ ಬೋಂಡ ಸಿಕ್ಕಿಸಿ ಇಟ್ಟಿದ್ದಳು.

"ಏನು ಕೆಲಸವಂತೆ?" ಅಂದಳು.

"ಇಲಿ ಸಾಕೋದು."

ನನ್ನನ್ನೇ ಒಂದು ಗಳಿಗೆ ನೋಡಿ, "ಇಷ್ಟು ದಿನ ನಮ್ಮನೇಲಿ ಪುಕ್ಕಟೆ ಸಾಕ್ತಿದ್ದೆಯಲ್ಲ, ಅದಕ್ಕೆ ಸಂಬಳಾನೂ ಕೊಡ್ತಾರಾ?" ಅಂದಳು.

೨. ತಲೆಯೊಳಗಿನ ಬಾಗಿಲು

ಡಾಕ್ಟರೇಟು ಮಾಡೋಕೆ ಗುಲ್ಬರ್ಗಾ ಕಡೆಯ ಹುಡುಗಿಯೊಬ್ಬಳು ಬಂದಳು. ನನ್ನ ಹತ್ತಿರ ಪಂಜರ ತಗೊಳ್ಳುವಾಗ ಹೇಳೋಳು: "ಇವುಗಳ ಮಿದುಳಿನ್ಯಾಗ ಸಣ್ಣ ಸಣ್ಣ ಬಾಗಿಲಾ ಅವ ಅಮ್ಮಾ. ರಿಸೆಪ್ಟರ್ ಅಂತಾರ. ಬಿಳೀದಕ್ಕೂ ಕರೀದಕ್ಕೂ ಅದರಾಗ ಫರಕ್ ಅದ. ಹೊಸ ಜಾಗದಾಗ ಬಿಟ್ರ ಒಂದು ಎಲ್ಲಾ ಮೂಸಿ ನೋಡ್ತದ, ಇನ್ನೊಂದು ಮೂಲಿ ಹಿಡಿದು ಕುಂದರ್ತದ. ಅದನ್ನ ನಾ ತೋರಿಸಬೇಕು."

ನಮ್ಮ ಯಜಮಾನರು ನೆನಪಾದರು. ನಲವತ್ತು ವರ್ಷ ಒಂದೇ ಮೂಲೆಯಲ್ಲಿ ಕೂತು, ಅಲ್ಲಿಂದಲೇ ಹೋದರು.

"ಮನುಷ್ಯರಿಗೂ ಹಂಗೇನಾ?" ಅಂದೆ.

"ಅದನ್ನ ಇನ್ನೂ ನೋಡಬೇಕು."

"ಎರಡು ವರ್ಷ ಮುಂಚೆ ಬಂದಿದ್ರೆ ನಮ್ಮನೇಲೇ ಒಬ್ಬರಿದ್ರು."

೩. ಮುಚ್ಚಿದ ಬಾಗಿಲು

ಊಟ ಆದಮೇಲೆ ಆ ಹುಡುಗಿ, ಅವಳ ಸರ್, ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋರು. ಒಳಗೆ ಕೆಂಪು ಬಲ್ಬು, ಇಲಿಗಳಿಗೋಸ್ಕರವಂತೆ. ಎರಡು ಗಂಟೆ ಸದ್ದಿಲ್ಲ. ಸರ್‌ಗೆ ಹೆಂಡತಿ, ಎರಡು ಮಕ್ಕಳು. ನೀವೇ ಹೇಳಿ, ಸುಮ್ಮನಿರೋಕಾಗುತ್ತಾ? ಬಾಯಿಗೆ ಎಲೆ ಹೊಗೆಸೊಪ್ಪು ಹಾಕ್ಕೊಂಡು ದಿನಾ ಬೀಗದ ತೂತಿಗೆ ಕಣ್ಣಿಟ್ಟೆ. ಕಂಡಿದ್ದು ಇಲಿ ಬಿಟ್ಟ ಪೆಟ್ಟಿಗೆಯ ಅಂಚು, ಸರ್ ಬೂಟು.

"ಏನಾದ್ರೂ ಉಂಟಾ?" ಅಂದ ಕ್ಯಾಂಟೀನಿನವನು.

"ಬೂಟು ಮಾತ್ರ ಕಾಣಿಸ್ತು," ಅಂದೆ. "ಆದ್ರೆ ಬಲಗಾಲಿಂದು ಬಿಚ್ಚಿತ್ತು."

೪. ಮೂಗೆತ್ತಿ ನಿಂತವು

ಕೆಲವು ತಿಂಗಳಾದಮೇಲೆ ಹುಡುಗಿ ಹೊಟ್ಟಿನ ಮೂಟೆ ಮೇಲೆ ಕೂತು ಅಳ್ತಿದ್ದಳು.

"ಬಿಳೀದು, ಕರೀದು, ಎಲ್ಲಾ ಬಾಗಿಲ ಕಡೆ ಮೂಲಿಗೇ ಹೋಗಿ ಮೂಗೆತ್ತಿ ನಿಲ್ತಾವ ಅಮ್ಮಾ. ಯಾಕಂತ ತಿಳಿಲಿಲ್ಲಂದ್ರ ನನ್ನ ಮೂರು ವರ್ಷದ ಓದು ಮುಗೀತು. ಊರಿಗೆ ಹೋಗು ಅಂತಾರ ಸರ್."

ನನ್ನ ಬಾಯಲ್ಲಿದ್ದ ಹೊಗೆಸೊಪ್ಪು ಕಹಿಯಾಯ್ತು. ಅವು ಬರ್ತಿದ್ದದ್ದು ತೂತಿನಿಂದ ಒಳಗೆ ಹೋಗ್ತಿದ್ದ ಈ ಘಾಟಿಗೇ. ಹೇಳಿದರೆ ನನ್ನ ಕೆಲಸ ಹೋಗುತ್ತೆ, ಮಾನಾನೂ ಹೋಗುತ್ತೆ. ಹೇಳದಿದ್ದರೆ ಈ ಹುಡುಗಿ ಹೋಗ್ತಾಳೆ. ಮಾರನೇ ದಿನ ಇಬ್ಬರ ಮುಂದೂ ನಿಂತು, "ಬಾಗಿಲ ಹಿಂದೆ ನಾನಿದ್ದೆ, ದಿನಾ," ಅಂದೆ.

ಸರ್ ತೂತಿಗೆ ಬಟ್ಟೆ ತುರುಕಿಸಿ, ಮಧ್ಯಾಹ್ನದ ಹೊತ್ತು ಗೇಟಿನ ಹತ್ತಿರ ಕೂರು ಅಂದರು. ಬೇರೆ ಇಲಿಗಳನ್ನ ತಂದು ಮತ್ತೆ ಬಿಟ್ಟರು. ಒಂದು ಜಾತಿ ಎಲ್ಲಾ ಮೂಸಿತು, ಇನ್ನೊಂದು ಮೂಲೇಲಿ ಕೂತಿತು. ಹುಡುಗಿಗೆ ಡಾಕ್ಟರೇಟು ಬಂತು.

ಅವತ್ತು ಪೇಡೆ ಕೈಗಿಟ್ಟು, ಮೆಲ್ಲಗೆ ಕೇಳಿದಳು: "ಅಮ್ಮಾ, ಖರೆ ಹೇಳು. ಅಷ್ಟು ತಿಂಗಳು ನಿನಗ ಏನು ಕಂಡಿತ್ತು?"

"ಆ ಬೂಟು ಬಿಟ್ರೆ ಏನೂ ಕಾಣ್ಲಿಲ್ಲ ಕಣಮ್ಮ," ಅಂದೆ. "ಅದಕ್ಕೇ ದಿನಾ ಬರಬೇಕಾಯ್ತು."