ಅಕ್ಕೋರ ಮರೆವಿಗೊಂದು ಟೈಮ್‌ಟೇಬಲ್

ಮರೆಯುವ ಕೆಲಸವನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡಬಹುದು ಎಂದು ನನಗೆ ಗೊತ್ತಾದದ್ದು ನನ್ನ ನೆಗೆಣ್ಣಿಯಿಂದ. ನಾವು ನೀವು ಏನಾದರೂ ಮರೆತರೆ ಏನು ಮಾಡುತ್ತೇವೆ? ತಲೆ ಕೆರೆದುಕೊಳ್ಳುತ್ತೇವೆ, ಮನೆಯವರ ಮೇಲೆ ರೇಗುತ್ತೇವೆ, ಆಮೇಲೆ ಮರೆತದ್ದನ್ನೂ ಮರೆತು ಸುಮ್ಮನಾಗುತ್ತೇವೆ. ಅವರು ಹಾಗಲ್ಲ! ತಮ್ಮ ಮರೆವಿಗೊಂದು ವಹಿ ಹಾಕಿದರು, ಗಂಟೆ ಬಾರಿಸಿದರು, ಪರೀಕ್ಷೆ ಇಟ್ಟರು, ಕೆಂಪು ಶಾಯಿಯಲ್ಲಿ ತಮಗೆ ತಾವೇ ಮಾರ್ಕು ಹಾಕಿಕೊಂಡರು. ಒಂದು ಸಲ ಫೇಲೂ ಮಾಡಿಕೊಂಡರು!

ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಸಿಂದಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾರೆ. ಊರಿಗೆಲ್ಲ ಅಕ್ಕೋರು, ನನಗೆ ಅಕ್ಕ. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ದಾಟಿತು. ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಯಾರೂ ಒಂದು ನಂಬರನ್ನೂ ಬರೆದಿಟ್ಟುಕೊಂಡವರಲ್ಲ. ಗ್ಯಾಸಿನ ನಂಬರು, ಕರೆಂಟಿನ ಮೀಟರಿನ ನಂಬರು, ಎಲ್ಲರ ಆಧಾರ ನಂಬರು, ಬಾವನವರು ಎಂದೋ ಮಾರಿದ ಮೋಟರ್ ಸೈಕಲ್ಲಿನ ನಂಬರು, ಎಲ್ಲವೂ ಅಕ್ಕನ ತಲೆಯಲ್ಲಿ ಇದ್ದವು. ಏನು ಬೇಕೋ ಕೇಳಿ, ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಉತ್ತರ!

ಒಮ್ಮೆ ನಾವಿಬ್ಬರೂ ಚಡಚಣದ ಮದುವೆಗೆ ಹೊರಟಿದ್ದೆವು. ಬಸ್ಸಿನ ಕಂಡಕ್ಟರು ದಪ್ಪ ಮೀಸೆಯ, ಗಟ್ಟಿ ದನಿಯ ಆಳು. ಅಕ್ಕನನ್ನು ನೋಡಿದ್ದೇ ತಡ, ಅವನ ದನಿ ಇಳಿಯಿತು.

"ಏನೋ, ಹತ್ತನೇತ್ತಾದಾಗ ಪೈಥಾಗೊರಸ್ ಪ್ರಮೇಯದಾಗ ನಾಕು ಮಾರ್ಕು ಬಿಟ್ಟಿದ್ದಿ. ಈಗರೆ ಬರ್ತೈತಿಲ್ಲೊ?"

"ಅಕ್ಕೋರ, ಡ್ಯೂಟಿ ಮ್ಯಾಲ ಅದೇನ್ರಿ..."

"ಡ್ಯೂಟಿ ಕೈಯಿಂದ ಮಾಡು. ಪ್ರಮೇಯ ಬಾಯಿಂದ ಹೇಳು."

ಸುಳ್ಳಲ್ಲ, ಇಂಡಿ ಊರು ಬರುವಷ್ಟರಲ್ಲಿ ಅವನು ಪ್ರಮೇಯವನ್ನು ಪೂರ್ತಿ ಒಪ್ಪಿಸಿದ್ದ! ಹಿಂದಿನ ಸೀಟಿನವರು ಟಿಕೆಟಿಗಾಗಿ ಕೂಗಿ ಕೂಗಿ ಸುಸ್ತಾಗಿದ್ದರು.

ಇಂಥವರಿಗೆ ಐವತ್ತೊಂದರ ಹೊತ್ತಿಗೆ ಏನಾಯಿತೋ ಏನೋ, ಮಾತುಗಳು ಕೈಕೊಡತೊಡಗಿದವು. ಒಂದು ದಿನ ಅಡುಗೆಮನೆಯಲ್ಲಿ ಸಾರು ಕುದಿಸುತ್ತ ನನ್ನ ಕಡೆ ಕೈ ಚಾಚಿದರು.

"ಅದನ್ನ ಕೊಡು."

"ಯಾವುದ್ರಿ ಅಕ್ಕಾ?"

"ಅದs, ಬೆಳ್ಳಗ ಇರ್ತೈತಲ್ಲ... ಉಪ್ಪಿನಂಗ!"

ನಾನು ಸಕ್ಕರೆ ಕೊಟ್ಟೆ. ಅಲ್ಲ ಅಂದರು. ರವೆ ಕೊಟ್ಟೆ. ಅಲ್ಲ ಅಂದರು. ಸೋಡಾ ಕೊಟ್ಟೆ. ಕಣ್ಣು ಕೆಂಪಾದವು. ಕಡೆಗೆ ತಾವೇ ಎದ್ದು ಬಂದು ಡಬ್ಬಿ ತೆಗೆದುಕೊಂಡರು. ಅದರಲ್ಲಿದ್ದದ್ದು ಉಪ್ಪು! ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಸಾರಿಗೆ ಹಾಕಿದರು.

ಅದಾದ ಹದಿನೈದು ದಿನಕ್ಕೆ ಬಸವನಬಾಗೇವಾಡಿಯಲ್ಲಿ ಸಂಬಂಧಿಕರ ಮನೆಯ ಕುಬಸ. ನಾವೆಲ್ಲ ಮುಂಜಾನೆಯೇ ಹೋಗಿದ್ದೆವು. ಸಾಲಿ ಮುಗಿಸಿಕೊಂಡು ಮಧ್ಯಾಹ್ನ ಬರುತ್ತೇನೆ ಎಂದಿದ್ದ ಅಕ್ಕ ಬರಲೇ ಇಲ್ಲ. ಬಸುರಿಗೆ ಆರತಿಯಾಯಿತು, ಊಟವಾಯಿತು, ತಾಂಬೂಲವೂ ಆಯಿತು. ಫೋನು ಮಾಡಿದರೆ, "ನಾ ಇಂಡ್ಯಾಗ ಅದೇನಿ" ಅನ್ನಬೇಕೆ! ಬಾಗೇವಾಡಿ ಎಲ್ಲಿ, ಇಂಡಿ ಎಲ್ಲಿ! ಒಂದು ಆ ದಿಕ್ಕು, ಇನ್ನೊಂದು ಈ ದಿಕ್ಕು.

"ಯಾಕ್ರಿ ಅಕ್ಕಾ?"

"ನನ್ನ ಜೋಡಿ ಕೆಲಸ ಮಾಡಿದ ಟೀಚರ್ ಒಬ್ರು ಇಲ್ಲೇ ಅದಾರು. ಅವರನ್ನ ಮಾತಾಡಿಸಬೇಕಾಗಿತ್ತು."

ಆ ಟೀಚರ್ ಆಮೇಲೆ ನನಗೆ ಸಿಕ್ಕಾಗ ಹೇಳಿದರು: "ನಿಮ್ಮಕ್ಕ ಉಡುಗೊರಿ ಸೀರಿ, ಉಡಿ ತುಂಬೂ ಸಾಮಾನ ತಗೊಂಡು ನಮ್ಮನಿಗೆ ಬಂದಿದ್ರು. ನನಗ ಅರವತ್ತೆರಡು ವರ್ಷ ರೀ!"

ಅಲ್ಲಿಂದ ಶುರುವಾಯಿತು ನೋಡಿ, ಗುಳಿಗೆಗಳ ಸುಗ್ಗಿ. ಯಾರು ಏನು ಹೇಳಿದರೂ ತರಿಸಿದರು. ಮೊಬೈಲಿನಲ್ಲಿ ಬಂದ ಜಾಹೀರಾತಿನ ಪುಡಿ, ಸಾಲಿಯ ಸ್ಟಾಫ್ ರೂಮಿನಲ್ಲಿ ಹೆಸರು ಕೇಳಿದ ಜಿಂಕು, ಮೆಗ್ನೀಷಿಯಂ, ಬ್ರಾಹ್ಮಿಯ ಗುಳಿಗೆ, ನೆನಪಿನ ಶಕ್ತಿಗೆಂದು ಚಿನ್ನದ ಬಣ್ಣದ ಕ್ಯಾಪ್ಸೂಲು. ಚಿನ್ನದ ಬಣ್ಣದ್ದನ್ನು ಮೂರು ದಿನ ನುಂಗಿದ ಮೇಲೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದರು. ಮೀನಿನ ಎಣ್ಣೆ! ಉಳ್ಳಾಗಡ್ಡಿ ತಿಂದರೂ ಸೋಮವಾರ ತಿನ್ನದ ಮನೆತನ ನಮ್ಮದು. ಅಕ್ಕ ಬಾಯಿ ಮುಕ್ಕಳಿಸಿದರು, ಸ್ನಾನ ಮಾಡಿದರು, ವಿಭೂತಿ ಹಚ್ಚಿಕೊಂಡರು. ಆಮೇಲೆ, "ಇದರಾಗಿನ ಗುಣ ಅಗಸ್ಯಾಗೂ ಒಂದಿಷ್ಟು ಐತಂತ" ಎಂದು ಅಗಸೆ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಕುಳಿತರು. ಆ ತಿಂಗಳು ನಾವು ರೊಟ್ಟಿಗೂ ಅಗಸೆ ಹಿಂಡಿ, ಅನ್ನಕ್ಕೂ ಅಗಸೆ ಹಿಂಡಿ, ಮೊಸರಿಗೂ ಅಗಸೆ ಹಿಂಡಿ!

ಒಟ್ಟು ಒಂಬತ್ತು ಡಬ್ಬಿ. ಅಡುಗೆಮನೆಯ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದರು. ಮೊದಲ ಪಿರಿಯಡ್ ಜಿಂಕು, ಎರಡನೇ ಪಿರಿಯಡ್ ಬ್ರಾಹ್ಮಿ, ಊಟದ ಬಿಡುವಾದ ಮೇಲೆ ಪುಡಿ. ಪಿರಿಯಡ್ ಬದಲಾದಾಗಲೆಲ್ಲ ತಾಟಿಗೆ ಸೌಟಿನಿಂದ ಬಾರಿಸಬೇಕು. ಬಾರಿಸುವ ಕೆಲಸ ನನ್ನದು!

ನಮ್ಮ ಬಾವನವರದು ಬೀಜ, ಗೊಬ್ಬರದ ಅಂಗಡಿ. ಮಾತು ಕಡಿಮೆ. ಒಂದು ರವಿವಾರ ಆ ಒಂಬತ್ತು ಡಬ್ಬಿಗಳ ಸಾಲನ್ನು ಬಹಳ ಹೊತ್ತು ನೋಡಿದರು.

"ಅಲ್ಲಾ, ಹೊಲಕ್ಕಾದ್ರೂ ಗೊಬ್ಬರ ಹಾಕೂ ಮೊದಲ ಮಣ್ಣು ಪರೀಕ್ಷೆ ಮಾಡಸ್ರಿ ಅಂತ ನಾ ರೈತರಿಗೆ ಹೇಳ್ತೇನಿ. ನೀ ಏನೂ ತೋರಿಸದs ಒಂಬತ್ತು ತರದ್ದು ಸುರಕೊಳ್ಳಾಕತ್ತೀಯಲ್ಲ!"

ಅಕ್ಕ ಒಂದೆರಡು ಡಬ್ಬಿಗಳನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಕೇಳಿದ್ಯಾ? ಮೂವತ್ತು ವರ್ಷದಾಗ ಇವತ್ತೊಂದ ಮಾತು ಫುಲ್ ಮಾರ್ಕಿಂದು ಆಡ್ಯಾರು" ಅಂದರು. ಮರುದಿನವೇ ಸಾಲಿಗೆ ರಜೆ ಹಾಕಿ ಒಬ್ಬರೇ ವಿಜಯಪುರದ ಲೇಡಿ ಡಾಕ್ಟರ ಹತ್ತಿರ ಹೋದರು. ಒಂಬತ್ತೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು!

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರಂತೆ. ಥೈರಾಯ್ಡ್ ಸರಿಯಿತ್ತು, ಬಿ ಟ್ವೆಲ್ವ್ ಮತ್ತು ಡಿ ವಿಟಮಿನ್ ಕಡಿಮೆ ಇದ್ದವು. "ಮುಟ್ಟು ನಿಲ್ಲೂ ಕಾಲಕ್ಕ ಬಾಳ ಮಂದಿಗೆ ತಲ್ಯಾಗ ಹಿಂಗ ಮಂಜು ಕವಿದಂಗ ಆಗ್ತೈತ್ರಿ. ನಿದ್ದಿ ಕೆಟ್ರಂತೂ ಇನ್ನೂ ಜಾಸ್ತಿ" ಎಂದು ತಿಳಿಸಿ ಹೇಳಿ, ಕಡಿಮೆ ಇದ್ದ ಎರಡಕ್ಕೆ ಮಾತ್ರ ಗುಳಿಗೆ ಬರೆದರು. ಒಂಬತ್ತು ಡಬ್ಬಿ ಮೇಜಿನ ಮೇಲೆ ಸಾಲಾಗಿ ಇಟ್ಟಾಗ, "ಇವು ನಿಮಗ ಯಾರು ಹೇಳಿದ್ರು ಅಕ್ಕೋರ?" ಎಂದು ಕೇಳಿದರಂತೆ. ಗಣಿತದವರಲ್ಲವೇ? ಉತ್ತರಕ್ಕೆ ಆಧಾರ ಇರಲಿಲ್ಲ, ಅಕ್ಕ ತಲೆ ಬಗ್ಗಿಸಿದರು. ಮನೆಗೆ ಬಂದವರೇ ಜಾಹೀರಾತಿನ ಪುಡಿಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದರು. ಆ ಗಿಡ ಹಿತ್ತಲ ಗೋಡೆ ದಾಟಿ ಬೆಳೆದಿದೆ. ಅದಕ್ಕೆ ಏನೇನು ನೆನಪಿದೆಯೋ ದೇವರೇ ಬಲ್ಲ!

ಗುಳಿಗೆ ಎರಡಕ್ಕೆ ಇಳಿಯಿತು, ನಿಜ. ಆದರೆ ಶಿಸ್ತು ಎರಡು ಪಟ್ಟಾಯಿತು! ನಡೆಯಬೇಕು, ಭಾರ ಎತ್ತಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು, ಮಧ್ಯಾಹ್ನದ ಮೇಲೆ ಚಾ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ಒಬ್ಬರಿಗೆ, ಪಾಲಿಸಬೇಕಾದವರು ಮನೆಮಂದಿಯೆಲ್ಲ. ಎರಡು ಗಂಟೆಯಾದ ಮೇಲೆ ಚಾಪುಡಿಯ ಡಬ್ಬಿಗೆ ಬೀಗ! ಬಾವನವರು ಯಾಕೆ ಸಂಜೆ ಸಂಜೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ "ಸ್ಟಾಕ್ ನೋಡಾಕ" ಹೋಗುತ್ತಿದ್ದರೆಂದು ಅಲ್ಲಿ ಚಾದ ಕಪ್ಪು, ಸಾಸರು ಸಿಕ್ಕ ದಿನ ತಿಳಿಯಿತು.

ಭಾರಕ್ಕೆ ಅಂಗಡಿಯ ಮೂಲೆ ಸೇರಿದ್ದ ಕಬ್ಬಿಣದ ತೂಕದ ಕಲ್ಲುಗಳು ಬಂದವು. ಮೊದಲು ಕೈಗೊಂದು ಕಿಲೋ. ಎರಡು ತಿಂಗಳಿಗೆ ಎರಡು ಕಿಲೋ. ಈಗ ಐದು! ಮುಂಜಾನೆ ಅಂಗಳದಲ್ಲಿ ಸೆರಗು ಸಿಕ್ಕಿಸಿ, ಹದಿನೇಳರ ಮಗ್ಗಿ ಹೇಳುತ್ತ ಕಲ್ಲು ಎತ್ತಿ ಇಳಿಸುವುದನ್ನು ನೀವು ನೋಡಬೇಕು. ಕಲ್ಲಿನ ತೂಕ ಏರುತ್ತ ಹೋದಂತೆ ಬಾವನವರು ಮಾತನಾಡುವ ದನಿ ಇಳಿಯುತ್ತ ಬಂತು.

ವಾಕಿಂಗ್ ಮುಗಿಸಿ ಬಂದ ಮೇಲೆ ಪರೀಕ್ಷೆ. ನೂರರಿಂದ ಏಳೇಳು ಕಳೆಯುತ್ತ ಹೋಗುವುದು, ಹಿಂದಿನ ದಿನ ಓದಿದ ಹತ್ತು ಮಾತು ನೆನಪಿನಿಂದ ಬರೆಯುವುದು, ಹೀಗೆ ನೂರು ಮಾರ್ಕು. ಪ್ರಶ್ನೆ ಅವರದೇ, ಉತ್ತರ ಅವರದೇ, ತಿದ್ದುವುದೂ ಅವರೇ. ಒಂದು ದಿನ ಮೂವತ್ತನಾಲ್ಕು ಬಂತು.

"ಅಕ್ಕಾ, ಒಂದ ಮಾರ್ಕ್ ಕೊಟ್ಟು ಪಾಸ್ ಮಾಡಕೋರಿ" ಎಂದೆ.

"ಇಪ್ಪತ್ತೆಂಟು ವರ್ಷದಾಗ ಯಾರಿಗೂ ಕೊಟ್ಟಿಲ್ಲ. ನನಗ್ಯಾಕ ಕೊಡ್ಲಿ?" ಎಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು!

ಇದೆಲ್ಲ ನಗುವ ಮಾತಾಯಿತು. ನನ್ನ ಬಾಯಿ ಕಟ್ಟಿಸಿದ ಸಂಗತಿ ಬೇರೆ ಇದೆ. ನನ್ನ ಮಗಳು ಆಗ ಅಕ್ಕನ ಕ್ಲಾಸಿನಲ್ಲೇ ಹತ್ತನೇತ್ತಾ, ಅಂದರೆ ಹತ್ತನೇ ತರಗತಿ. ಒಂದು ದಿನ ಸಾಲಿಯಿಂದ ಬಂದವಳು ಚೀಲವನ್ನೂ ಇಳಿಸದೆ ಹೇಳಿದಳು. ಅಕ್ಕ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದವರು ನಡುವೆಯೇ ನಿಂತುಬಿಟ್ಟರಂತೆ. ಮುಂದಿನದು ಹೊಳೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನಾಗಿದ್ದರೆ ತಲೆನೋವು ಎಂದು ಹೊರಗೆ ಬರುತ್ತಿದ್ದೆ. ಅಕ್ಕ ಸುಣ್ಣಕಡ್ಡಿ ಕೆಳಗಿಟ್ಟು ತಿರುಗಿ ನಿಂತರು.

"ನನಗ ಮುಂದಿಂದು ನೆನಪಾಗವಲ್ದು. ಮುಟ್ಟು ನಿಲ್ಲೂ ವಯಸ್ಸು ನಂದು. ಈ ವಯಸ್ಸಿನ್ಯಾಗ ಒಮ್ಮೊಮ್ಮೆ ತಲಿ ಹಿಂಗ ಆಗ್ತೈತಿ. ಹುಡುಗರೂ ಕೇಳ್ರಿ, ತಲಿ ಯಾಕ ತಗ್ಗಸ್ತೀರಿ? ನಿಮಗೂ ಅವ್ವಂದಿರು ಅದಾರು. ಮನ್ಯಾಗ ಅವರು ಏನರೆ ಮರತ್ರ ನಗಬ್ಯಾಡ್ರಿ. ಹೂಂ, ಮುಂದಿನ ಸ್ಟೆಪ್ ಯಾರು ಹೇಳ್ತೀರಿ?"

ಮಗಳು ಹೇಳಿ ಮುಗಿಸಿದ ಮೇಲೆ ಅವಳ ಚೀಲವನ್ನು ನಾನೇ ಇಳಿಸಿಕೊಂಡೆ. ನನಗೆ ನಾಚಿಕೆಯಾಗಿತ್ತು. ನಾನು ಔಷಧದ ಅಂಗಡಿಯಲ್ಲಿ ಪ್ಯಾಡನ್ನು ಇಂದಿಗೂ ಪಿಸುಮಾತಿನಲ್ಲಿ ಕೇಳುವವಳು!

ಎರಡು ದಿನ ಬಿಟ್ಟು ಒಬ್ಬ ಹೆಣ್ಣುಮಗಳು ಮನೆಗೆ ಬಂದಳು. ನಾಲತವಾಡದ ಕಡೆಯವಳು, ಸಿಂದಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಕಟ್ಟೆಯ ಮೇಲೆ ಕುಳಿತು ಸೆರಗಿನ ತುದಿ ಸುತ್ತುತ್ತ ಅಂದಳು: "ಹಾಲು ಒಲಿ ಮ್ಯಾಲ ಇಟ್ಟು ಮರೀತೇನ್ರಿ ಅಕ್ಕೋರ. ಮಾತು ಅರ್ಧಕ್ಕ ನಿಂದರ್ತಾವು. ಮನ್ಯಾಗ ಎಲ್ಲಾರೂ ಹುಚ್ಚಿ ಅಂತಾರು. ಮೊನ್ನೆ ನನ್ನ ಮಗ ಸಾಲ್ಯಾಗಿಂದ ಬಂದು, ಅವ್ವಾ, ನೀ ಹುಚ್ಚಿ ಅಲ್ಲಂತ, ಅಕ್ಕೋರು ಹೇಳ್ಯಾರು ಅಂದಾನ್ರಿ."

ಅಕ್ಕ ಅವಳಿಗೆ ತಮ್ಮ ಗುಳಿಗೆ ಕೊಡಲಿಲ್ಲ. "ನನ್ನ ಲೆಕ್ಕದ ಉತ್ತರ ನಿನ್ನ ಲೆಕ್ಕಕ್ಕ ಹೊಂದೂದಿಲ್ಲವಾ. ಮೊದಲ ತೋರಸೂಣು ನಡಿ" ಎಂದು ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಈಗ ಅಕ್ಕನ ಮುಂಜಾನೆಯ ವಾಕಿಂಗಿಗೆ ಹದಿಮೂರು ಜನ ಹೆಂಗಸರು. ಹಾಲು ಹಾಕುವವನು ಸೈಕಲ್ಲು ಇಳಿದು ದಾರಿ ಬಿಡುತ್ತಾನೆ!

ಅಕ್ಕನಿಗೆ ಪೂರ್ತಿ ನೆಟ್ಟಗಾಯಿತೆ? ಇಲ್ಲ. ಮಾರ್ಕು ಎಂಬತ್ತರ ಆಚೀಚೆ ಬರುತ್ತದೆ, ನಿದ್ದೆ ಬರುತ್ತದೆ, ಕೆಲವು ಮಾತುಗಳು ಈಗಲೂ ತಪ್ಪಿಸಿಕೊಂಡು ತಿರುಗುತ್ತವೆ. ಯಾವುದರಿಂದ ಗುಣವಾಯಿತು ಎಂದು ಯಾರಾದರೂ ಕೇಳಿದರೆ, "ಗುಳಿಗಿ, ನಿದ್ದಿ, ವಾಕಿಂಗ್, ಕಲ್ಲು, ನಾಕೂ ಒಮ್ಮೆಲೇ ಶುರು ಮಾಡೇನಿ. ಯಾವುದರಿಂದ ಅಂತ ಹೇಳಿದ್ರ ಸುಳ್ಳಾಗ್ತೈತಿ" ಅನ್ನುತ್ತಾರೆ. ಈ ಊರಿನಲ್ಲಿ ಔಷಧದ ವಿಷಯದಲ್ಲಿ "ಗೊತ್ತಿಲ್ಲ" ಅಂದವರನ್ನು ನಾನು ಇವರೊಬ್ಬರನ್ನೇ ಕಂಡದ್ದು.

ಕಳೆದ ತಿಂಗಳು ಮುದ್ದೇಬಿಹಾಳದಲ್ಲಿ ನಮ್ಮ ನಾದಿನಿಯ ಮಗಳ ನಿಶ್ಚಯ. ಚಿಕ್ಕವಳಿದ್ದಾಗ ಸಾಲಿಗೆ ಸೂಟಿ ಬಿಟ್ಟಾಗಲೆಲ್ಲ ನಮ್ಮ ಮನೆಗೆ ಬಂದು, ನನ್ನ ಕೈತುತ್ತು ತಿಂದು ಬೆಳೆದ ಹುಡುಗಿ. ಹೊಸ ಸೀರೆಯುಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಲು ಬಂದಳು. ಅವಳ ಹೆಸರು ನನ್ನ ಬಾಯಿಗೆ ಬರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ. ನನಗೆ ನಲವತ್ತಾರು. ತಲೆಯ ಮೇಲೆ ಕೈಯಿಟ್ಟು, ಏನೋ ಗೊಣಗಿ, ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತೆ.

ಹಿಂದೆಯೇ ಅಕ್ಕ ಬಂದರು. ಏನೂ ಕೇಳಲಿಲ್ಲ. ತೊಟ್ಟಿಯ ಅಂಚಿಗೆ ಆತು ನಿಂತು ಹೇಳಿದರು: "ನಮ್ಮವ್ವ ತವರುಮನಿ ಹಲಸಂಗ್ಯಾಗ ಕಡೀ ಮೂರು ವರ್ಷ ನನಗ, 'ನೀವು ಯಾರ ಪೈಕಿ ಅವ್ವಾ?' ಅಂತಿದ್ಲು. ಹಡದಾಕಿ. ನಂಗೂ ಅದs ಬಂತು ಅಂತ ತಿಳಿದು ಆರು ತಿಂಗಳು ಯಾರಿಗೂ ಹೇಳಲಿಲ್ಲ. ಡಾಕ್ಟರ್ ಮುಂದ ಮೊದಲ ಕೇಳಿದ್ದು ಅದನ್ನs. ನನ್ನ ಮಕ್ಕಳ ಮುಖ ಮರೀತೇನಿ ಏನ್ರಿ ಅಂತ. ತಪಾಸ ಮಾಡಿ, ಇದು ಅದಲ್ಲ ಅಂದ್ರು. ವಿಜಾಪುರದಿಂದ ಸಿಂದಗಿ ಮಟಾ ಬಸ್ಸಿನ್ಯಾಗ ಅತ್ತೇನಿ."

ಸಿಂದಗಿಯ ಮನೆಯಲ್ಲಿ ಒಂದೇ ಒಲೆಯ ಮುಂದೆ ಕುಳಿತು, ಆ ಆರು ತಿಂಗಳು ನಾನು ನಕ್ಕಿದ್ದೆ.

"ನಿನ್ನೂ ತೋರಸೂಣು. ಸೋಮವಾರ ರಜಾ ಹಾಕ್ತೇನಿ" ಎಂದು ಸೆರಗಿನಿಂದ ನನ್ನ ಮುಖ ಒರೆಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು. ಪಡಸಾಲೆಯ ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದರು: "ಏ ಸುಜಾತಾ, ಬಾ ಇಲ್ಲೆ, ನಿಮ್ಮ ಮಾಮಿ ಕೂಡ ಒಂದು ಫೋಟೊ ತಗಿಸ್ಕೊ!"

ಸುಜಾತಾ! ಹೌದಲ್ಲ, ಸುಜಾತಾ!

ಆ ಸಂಜೆ ಅವರು ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಯಾರಾದರೂ ನಮ್ಮ ಕಡೆ ಬರುತ್ತಿದ್ದ ಹಾಗೆ, ಅವರು ಹತ್ತಿರ ಬರುವ ಮೊದಲೇ, ಗಟ್ಟಿಯಾಗಿ ಹೆಸರು ಹಿಡಿದು ಕರೆದರು. ನಾನು ಆ ಹೆಸರನ್ನು ಎತ್ತಿಕೊಂಡು ಮಾತನಾಡಿಸಿದೆ. ಅವುಗಳಲ್ಲಿ ಎರಡು ಹೆಸರು ತಪ್ಪಿದ್ದವು. ತಪ್ಪೆಂದು ಗೊತ್ತಿದ್ದೂ ನಾನು ಅವರನ್ನು ಅಕ್ಕ ಕರೆದ ಹೆಸರಿನಿಂದಲೇ ಕರೆದೆ.